ಮೂಲೆಗೊಂದು ಚೀಲ

ನನ್ನ ಬಾಯಿ ದೊಡ್ಡದು. ಆಸ್ಪತ್ರೆಯ ಲಾಂಡ್ರಿಯಲ್ಲಿ ಎಲ್ಲರೂ ನನ್ನನ್ನು ಮೈಕು ಅಂತಲೇ ಕರೆಯುವುದು. ಒಗೆಯುವ ಯಂತ್ರಗಳ ಗದ್ದಲವನ್ನು ಮೀರಿ ಮಾತಾಡಿ ಮಾತಾಡಿ ಬಂದ ಗಂಟಲು, ಅದಕ್ಕೆ ನಾನೇನೂ ಬೇಜಾರು ಮಾಡಿಕೊಂಡವಳಲ್ಲ. ಜೋರಾಗಿ ಬೈದ ಬೈಗುಳ ಒಂದೂ ನನಗೆ ನೆನಪಿಲ್ಲ. ಆದರೆ ಇದೇ ಬಾಯಿಂದ ಒಂದೇ ಒಂದು ಸಲ ಪಿಸುದನಿಯಲ್ಲಿ ಆಡಿದ ಮಾತೊಂದಿದೆ, ಅದು ನೆನಪಾದರೆ ಇವತ್ತಿಗೂ ಮುಖ ಮುಚ್ಚಿಕೊಳ್ಳಬೇಕು ಅನಿಸುತ್ತದೆ.

ನಾವು ಒಟ್ಟು ಒಂಬತ್ತು ಜನ. ಗೋಡೆಯಲ್ಲಿ ಒಂಬತ್ತು ಮೊಳೆ, ಒಂಬತ್ತು ಏಪ್ರನ್. ನಾನು ಇಸ್ತ್ರಿ ರೋಲರಿನ ಹತ್ತಿರ ನಿಲ್ಲುವವಳು. ಹಸಿ ಬೆಡ್‌ಶೀಟಿನ ತುದಿಯನ್ನು ಈ ಕಡೆ ಕೊಟ್ಟರೆ ಆ ಕಡೆ ಗರಿಗರಿಯಾಗಿ ಬಂದು ಬೀಳುತ್ತದೆ. ಬಾಯ್ಲರ್ ನೋಡಿಕೊಳ್ಳುವುದು ಬಾಯ್ಲರ್ ಮಾವ, ನಮಗೆಲ್ಲ ಹಿರಿಯರು. ಹರಿದದ್ದನ್ನು ಹೊಲಿಯುವುದು ಸೂಜಿಯಕ್ಕ. ಕಿಟಕಿಯ ಪಕ್ಕದಲ್ಲಿ ಅವಳ ಹೊಲಿಗೆ ಯಂತ್ರ. ಬಲಗಾಲು ಹುಟ್ಟಿದಾಗಿನಿಂದ ಗಿಡ್ಡ, ಅದಕ್ಕೊಂದು ಕಬ್ಬಿಣದ ಪಟ್ಟಿ ಹಾಕಿದ ಬೂಟು. ಅವಳು ಬರುವುದು ಕಣ್ಣಿಗೆ ಬೀಳುವ ಮೊದಲೇ ಟಕ್, ಟಕ್ ಅಂತ ಕಿವಿಗೆ ಬೀಳುತ್ತಿತ್ತು.

ಆ ಯಂತ್ರದ ಮೇಲಿನ ಗೋಡೆಗೆ ಹಳೇ ಕ್ಯಾಲೆಂಡರಿನ ಚಿತ್ರವೊಂದನ್ನು ಅವಳೇ ಅಂಟಿಸಿದ್ದಳು. ದಡಕ್ಕೆ ಅಡ್ಡಲಾಗಿ ಉದ್ದಕ್ಕೆ ಮಲಗಿದ ಸಣ್ಣ ದ್ವೀಪ; ಈ ಕಡೆ ನಿಂತ ಹಿನ್ನೀರು, ಆ ಕಡೆ ಅಲೆ ಹೊಡೆಯುವ ಸಮುದ್ರ, ನಡುವೆ ಬರೀ ಬಿಳಿ ಮರಳು. ಬಸ್ಸಿನಲ್ಲಿ ಮೂರು ಗಂಟೆ, ಆಮೇಲೆ ದೋಣಿ ಹತ್ತಿದರೆ ಸಿಗುವ ಜಾಗ. ಆದರೂ ನಮ್ಮಲ್ಲಿ ಒಬ್ಬರೂ ನೋಡಿರಲಿಲ್ಲ.

"ನಿನ್ನ ಬೆಡ್‌ಶೀಟಿಗಿಂತ ಬಿಳಿ ಕಣೇ ಮೈಕು. ಅದನ್ನ ಯಾರು ಒಗೀತಾರೋ!" ಅಂತ ಸೂಜಿಯಕ್ಕ ನನ್ನನ್ನು ಕೆಣಕುತ್ತಿದ್ದಳು. "ಆದ್ರೆ ನೋಡು, ಒಂದು ಮರ ಇಲ್ಲ, ಒಂದು ಕಂಬ ಇಲ್ಲ. ನಾವೆಲ್ಲ ಹೋದಾಗ ನೆರಳನ್ನೂ ಹೊತ್ಕೊಂಡೇ ಹೋಗ್ಬೇಕು."

ನಾಲ್ಕು ವರ್ಷ ಅವಳ ಬಾಯಲ್ಲಿ ಅದೇ ಮಾತು, ನಾವೆಲ್ಲ ಹೋದಾಗ. 

ಕೊನೆಗೆ ಬಾಯ್ಲರ್ ರಿಪೇರಿ ಅಂತ ನಮಗೆ ಎರಡು ದಿನ ರಜೆ ಸಿಕ್ಕಿತು. ಟೀ ಹೊತ್ತಿನಲ್ಲಿ ಸುದ್ದಿ ಬಂದಾಗ ಸೂಜಿಯಕ್ಕ ಹರಿದ ಗೌನುಗಳನ್ನು ತರಲು ವಾರ್ಡಿಗೆ ಹೋಗಿದ್ದಳು. ಎಲ್ಲರ ಕಣ್ಣೂ ಆ ಚಿತ್ರದ ಕಡೆ ಹೋಯಿತು. ಹೋಗೋಣ್ವಾ ಅಂದರು ಬಾಯ್ಲರ್ ಮಾವ. ಎಲ್ಲರೂ ಹೂಂ ಅಂದರು. ಆಮೇಲೆ ಎಲ್ಲರೂ ಲೋಟ ನೋಡುತ್ತ ಕೂತರು. ಎಲ್ಲರ ತಲೆಯಲ್ಲೂ ಆ ಬೂಟೇ ಇತ್ತು, ಬಾಯಿ ಬಿಡಲು ಯಾರಿಗೂ ಧೈರ್ಯವಿಲ್ಲ. ಧೈರ್ಯ ಅಂದರೆ ನಾನೇ ಅಲ್ಲವೇ!

"ಸೂಜಿಯಕ್ಕನಿಗೆ ಮರಳಲ್ಲಿ ನಡೆಯೋಕಾಗತ್ತಾ? ಹೂತು ಹೋಗ್ತಾಳೆ ಪಾಪ. ಇಡೀ ದಿನ ಒಬ್ರು ಕೈ ಹಿಡ್ಕೊಂಡೇ ಇರ್ಬೇಕು. ಅವಳಿಗೇ ಕಷ್ಟ," ಅಂದೆ, ಪಿಸುದನಿಯಲ್ಲಿ.

"ಹೌದೌದು, ಅವಳಿಗೇ ಕಷ್ಟ," ಅಂತ ಏಳು ಬಾಯಿ ಒಟ್ಟಿಗೆ ಅಂದವು. ಅವರ ಮುಖದಲ್ಲಿ ಎಂಥ ನೆಮ್ಮದಿ! ನನಗೂ ಅಷ್ಟೇ. ನನ್ನ ಒಂದು ದಿನದ ಮೋಜಿಗೆ ಅಡ್ಡಿಯಾಗಬಾರದು ಅನ್ನುವುದಕ್ಕೆ ಅವಳ ಕಷ್ಟದ ಹೆಸರು ಕೊಟ್ಟಿದ್ದೆ, ಥೂ. ಅವಳಿಗೆ ಗೊತ್ತಾಗುವುದು ಬೇಡ, ರಜೆಗೆ ಎಲ್ಲರೂ ಮನೆಯಲ್ಲೇ ಇರ್ತೀವಿ ಅಂದರಾಯಿತು ಅಂತ ತೀರ್ಮಾನವಾಯಿತು.

ಅಲ್ಲಿಂದ ಹತ್ತು ದಿನ ಕಳ್ಳರ ಹಾಗೆ ಬದುಕಿದೆವು. ಯಾವ ಬಸ್ಸು, ಯಾರು ನೀರಿನ ಕ್ಯಾನ್ ಹೊರುವುದು, ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಗುಸುಗುಸು ಮಾತಾಡುವುದು. ಟಕ್, ಟಕ್ ಕೇಳಿಸಿತೋ, ಎಲ್ಲರ ಬಾಯಿಗೂ ಬೀಗ. ನಾನಂತೂ ಸುಮ್ಮನಿದ್ದರೆ ಅನುಮಾನ ಬರುತ್ತದೆ ಅಂತ ಆ ಹೊತ್ತಿಗೆ ಸರಿಯಾಗಿ ನನ್ನ ಗಂಡನನ್ನು ಬೈಯಲು ಶುರು ಮಾಡುತ್ತಿದ್ದೆ.

ಆದರೆ ನೆರಳು ಬೇಕಲ್ಲ! ರದ್ದು ಮುದ್ರೆ ಬಿದ್ದ ನಾಲ್ಕು ಬೆಡ್‌ಶೀಟನ್ನು ಸಾಹೇಬರನ್ನು ಕೇಳಿ ತೆಗೆದುಕೊಂಡೆವು. ಜೋಡಿಸಿ ಹೊಲಿದರೆ ಒಳ್ಳೆ ಚಪ್ಪರ. ಹೊಲಿಯುವವರು ಯಾರು? ಇಡೀ ಲಾಂಡ್ರಿಯಲ್ಲಿ ಹೊಲಿಯಲು ಬರುವವಳು ಒಬ್ಬಳೇ. ಮತ್ತೆ ಎಲ್ಲರೂ ನನ್ನ ಮುಖ ನೋಡಿದರು. ನಾನು ನಾಚಿಕೆಯಿಲ್ಲದೆ ಶೀಟುಗಳನ್ನು ಎತ್ತಿಕೊಂಡು ಹೋಗಿ ಅವಳ ಮೇಜಿನ ಮೇಲಿಟ್ಟೆ.

"ನನ್ನ ತಂಗಿ ಮನೆ ತಾರಸಿಗೆ ಅಕ್ಕಾ. ಬಿಸಿಲು ಜಾಸ್ತಿಯಂತೆ."

"ಕಟ್ಟೋಕೆ ಏನಿದೆ ಅಲ್ಲಿ?"

"ಸುತ್ತ ಕಂಬಿ ಇದೆಯಲ್ಲ."

"ಎಷ್ಟು ಜನ ಕೂರ್ತೀರಿ?"

"ಎಂಟು ಜನ," ಅಂದುಬಿಟ್ಟೆ. ನನ್ನ ತಂಗಿ ಮನೆಯಲ್ಲಿ ಇರುವುದು ಮೂವರು, ಅದು ಅವಳಿಗೂ ಗೊತ್ತು. ನಾಲಿಗೆ ಕಚ್ಚಿಕೊಂಡೆ. ಸೂಜಿಯಕ್ಕ ತುಟಿಯ ನಡುವೆ ಗುಂಡುಪಿನ್ನು ಹಿಡಿದುಕೊಂಡಿದ್ದಳು. ಒಂದು ಗಳಿಗೆ ಗೋಡೆಯ ಏಪ್ರನ್‌ಗಳ ಕಡೆ ನೋಡಿ, ಬಟ್ಟೆ ಅಳೆಯಲು ಟೇಪು ಎತ್ತಿಕೊಂಡಳು. ಅಬ್ಬ, ಗೊತ್ತಾಗಲಿಲ್ಲ ಅಂದುಕೊಂಡೆ.

ಮೂರನೇ ದಿನ ನೀಟಾಗಿ ಮಡಿಚಿ ಕೈಗಿಟ್ಟಳು. ನಾನು ಬಿಚ್ಚಿಯೂ ನೋಡಲಿಲ್ಲ. ಬಿಚ್ಚಿದ್ದು ರಜೆಯ ಮೊದಲ ದಿನ, ಅಂದರೆ ಹೊರಡುವ ಹಿಂದಿನ ದಿನ ಮಧ್ಯಾಹ್ನ, ಮನೆಯಲ್ಲಿ. ನಾಲ್ಕು ಕೋಲು ತಂದಿದ್ದ ನನ್ನ ಗಂಡ ಬಟ್ಟೆಯನ್ನು ನಡುಮನೆಯಲ್ಲಿ ಹರಡಿದ.

"ಇದೇನೇ ಇದು, ಮೂಲೆ ಮೂಲೆಗೂ ಚೀಲ?"

ಪ್ರತಿ ಮೂಲೆಯಿಂದ ಗಟ್ಟಿ ಪಟ್ಟಿಯೊಂದು ಇಳಿದಿತ್ತು. ಅದರ ತುದಿಗೆ ದಪ್ಪ ಬಟ್ಟೆಯ ಚೀಲ, ಎರಡೆರಡು ಸಾಲು ಹೊಲಿಗೆ, ಬಾಯಿ ಬಿಗಿಯಲು ದಾರ.

"ಕಂಬಿ ಇರೋ ಕಡೆ ಕಟ್ಟಿದ್ರೆ ಸಾಕಲ್ವಾ? ಇದು ಮರಳು ತುಂಬೋಕೆ. ಕಟ್ಟೋಕೆ ಏನೂ ಇಲ್ಲದ ಕಡೆ, ಈ ಭಾರಕ್ಕೆ ಚಪ್ಪರ ನಿಲ್ಲತ್ತೆ," ಅಂದ ಅವನು, ತಾನೇ ಕಂಡುಹಿಡಿದವನ ಹಾಗೆ. "ನಿಮ್ಮಕ್ಕ ಬಲೇ ಬುದ್ಧಿವಂತೆ."

ಒಂದು ಮರ ಇಲ್ಲ, ಒಂದು ಕಂಬ ಇಲ್ಲ ಅಂದವಳು ಅವಳೇ. ಎಲ್ಲ ಗೊತ್ತಿದ್ದೂ, ತನ್ನನ್ನು ಬಿಟ್ಟು ಹೋಗುವವರ ಚಪ್ಪರ ಹಾರಿಹೋಗಬಾರದು ಅಂತ ಕೂತು ಹೊಲಿದಿದ್ದಳು. ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಅವಳದು ಮೊದಲ ಮಹಡಿಯಲ್ಲಿ ಒಂದೇ ಕೋಣೆ. ಬಾಗಿಲು ತೆರೆದಿತ್ತು. ಮಂಚದ ಮೇಲೆ ಕೂತು ಬೂಟಿನ ಕೀಲಿಗೆ ಎಣ್ಣೆ ಬಿಡುತ್ತಿದ್ದಳು. ನನ್ನನ್ನು ನೋಡಿ, "ಹೊಲಿಗೆ ಬಿಟ್ಟಿತಾ?" ಅಂದಳು. ಅಷ್ಟು ಕೇಳಿದ್ದೇ ತಡ, ಮೈಕು ಕೆಟ್ಟುಹೋಯಿತು. ಅಳುತ್ತ ಹೇಗೋ ಎಲ್ಲ ಹೇಳಿದೆ.

"ಗೊತ್ತು ಕಣೇ. ಹತ್ತು ದಿನದಿಂದ ಗೊತ್ತು. ಬಾಗಿಲ ಹತ್ರ ಬಂದಾಗ ಕಾಲನ್ನ ಎರಡು ಸಲ ಜೋರಾಗಿ ಕುಟ್ಟಿ ಬರ್ತಿದ್ದೆ. ಮಾತು ನಿಲ್ಲಿಸೋಕೆ ನಿಮಗೂ ಒಂಚೂರು ಟೈಮ್ ಬೇಕಲ್ಲ."

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನಿಸಿತು. "ಮರಳಲ್ಲಿ ನಿನಗೆ ಕಷ್ಟ ಆಗತ್ತೆ ಅಂತ..." ಅಂತ ಮತ್ತೆ ಅದನ್ನೇ ಶುರು ಮಾಡಿದೆ, ನೋಡಿ ನನ್ನ ಬುದ್ಧಿ.

ಅವಳು ಬಗ್ಗಿ ಮಂಚದ ಕೆಳಗಿನಿಂದ ಒಂದು ಹಲಗೆ ತೆಗೆದಳು. ಊಟದ ತಟ್ಟೆಯಷ್ಟು ಅಗಲ, ತೆಳ್ಳಗೆ, ಮೇಲೆ ಎರಡು ಚರ್ಮದ ಪಟ್ಟಿ. "ಬೂಟಿನ ಅಡಿಗೆ ಕಟ್ಕೊಳೋಕೆ. ಹೂತುಹೋಗಲ್ಲ. ಬಡಗಿ ಹತ್ರ ಮಾಡಿಸಿ ಎರಡು ವರ್ಷ ಆಯ್ತು. ಆಸ್ಪತ್ರೆ ಹಿಂದೆ ಹೊಸ ಕಟ್ಟಡದ ಕೆಲಸ ನಡೀತಿತ್ತಲ್ಲ, ಅಲ್ಲಿ ಮರಳ ಗುಡ್ಡೆ ಮೇಲೆ ನಡೆದೂ ನೋಡಿದ್ದೀನಿ. ನೀನು ಕೇಳಿದ್ರೆ ತೋರಿಸ್ತಿದ್ದೆ."

"ನಾಳೆ ಬಾ ಅಕ್ಕಾ. ನಿನ್ನ ಕಾಲಿಗೆ ಬೀಳ್ತೀನಿ, ಬಾ."

"ಯಾವ ಕಾಲಿಗೆ?" ಅಂತ ನಕ್ಕಳು. ಆಮೇಲೆ ನಗು ನಿಂತಿತು. "ಈಗ ಬಂದ್ರೆ ಇಡೀ ದಿನ ನೀವು ನನ್ನ ಕಾಲು ನೋಡ್ತಾ ಇರ್ತೀರಿ, ನಾನು ನಿಮ್ಮ ಮುಖ ನೋಡ್ತಾ ಇರ್ತೀನಿ. ಸಮುದ್ರ ನೋಡೋರು ಯಾರು? ಬರಲ್ಲ ಕಣೇ. ನೀವು ಹೋಗಿ. ಚೀಲಕ್ಕೆ ಹಸಿ ಮರಳು ತುಂಬು, ಒಣಗಿದ್ದು ಹೊಲಿಗೇಲಿ ಸೋರತ್ತೆ."

ಮಾರನೆಯ ದಿನ ಬಸ್ಸಿನಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಎಲ್ಲರೂ ಕಿಟಕಿ ಕಡೆ ತಿರುಗಿಕೊಂಡರು, ಆದರೆ ಯಾರೂ ಬಸ್ಸು ಇಳಿಯಲಿಲ್ಲ, ನಾನೂ ಇಳಿಯಲಿಲ್ಲ. ದ್ವೀಪದಲ್ಲಿ ದೋಣಿ ಇಳಿದಲ್ಲಿಂದ ಅಲೆಗಳ ಹತ್ತಿರದವರೆಗೂ ಮರದ ಹಲಗೆ ಹಾಸಿದ ದಾರಿಯಿತ್ತು. ನಾವು ಯಾರೂ ಅದರ ಬಗ್ಗೆ ವಿಚಾರಿಸಿಯೂ ಇರಲಿಲ್ಲ. ಮರಳು ಚಿತ್ರದಲ್ಲಿದ್ದಷ್ಟೇ ಬಿಳಿಯಾಗಿತ್ತು.

ನೀರಿನ ಅಂಚಿಗೆ ಹೋಗಿ ನಾಲ್ಕು ಚೀಲಕ್ಕೂ ನಾನೇ ಹಸಿ ಮರಳು ತುಂಬಿದೆ. ಮಧ್ಯಾಹ್ನ ಗಾಳಿ ಎದ್ದಾಗ ಅಕ್ಕಪಕ್ಕದವರ ಛತ್ರಿಗಳು ಉರುಳಿಕೊಂಡು ಹೋದವು. ನಮ್ಮ ಚಪ್ಪರ ಅಲುಗಾಡಲಿಲ್ಲ. ಕೆಳಗೆ ಎಂಟು ಜನ ಕೂತ ಮೇಲೂ ಒಂದು ಆಳಿನ ಜಾಗ ಉಳಿದಿತ್ತು. ಅಲ್ಲಿ ಚಪ್ಪಲಿ ಇಡಲೂ ಯಾರಿಗೂ ಮನಸ್ಸಾಗಲಿಲ್ಲ.

ಛತ್ರಿ ಕಳೆದುಕೊಂಡ ಹೆಂಗಸೊಬ್ಬಳು ಹತ್ತಿರ ಬಂದು ಚೀಲ ಮುಟ್ಟಿ ನೋಡಿದಳು. "ಎಷ್ಟು ಚೆನ್ನಾಗಿದೆ ರೀ! ನಿಮ್ಮಲ್ಲಿ ಯಾರು ಹೊಲಿದಿದ್ದು?"

"ನಮ್ಮ ಜೊತೆ ಕೆಲಸ ಮಾಡೋ ಅಕ್ಕ," ಅಂದೆ.

"ಅವ್ರು ಬರ್ಲಿಲ್ವಾ? ಹುಷಾರಿಲ್ವಾ?"

"ಹೂಂ, ಅವಳಿಗೆ ಕಾಲು..." ಅಂತ ಬಾಯ್ಲರ್ ಮಾವ ಮೆಲ್ಲಗೆ ಶುರು ಮಾಡಿದರು.

"ಹುಷಾರಾಗೇ ಇದ್ದಾಳೆ," ಅಂದೆ ನಾನು, ನನ್ನ ಪೂರ್ತಿ ಗಂಟಲಿನಲ್ಲಿ, ಆಚೆ ಕೂತವರೂ ತಿರುಗಿ ನೋಡುವ ಹಾಗೆ. "ನಾವು ಕರೀಲಿಲ್ಲ."