ಹೆಬ್ಬಾವಿನ ಬೀಗ

ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಅವಳು ಅಪ್ಪನ ಬಲಗೈಯ ಉಗುರುಗಳನ್ನು ಉಜ್ಜುತ್ತಿದ್ದಳು. ಕಾದ ಕಬ್ಬಿಣ, ಕಪ್ಪು ಗ್ರೀಸು, ಸೀಮೆಎಣ್ಣೆ ಮೂರೂ ಸೇರಿದ ಆ ವಾಸನೆ ಮೂಗಿಗೆ ಬಡಿದಾಗ ಮಂಚದ ಮೇಲಿನ ಮುದುಕ ಮರೆಯಾಗಿ, ಸಂಜೆ ಬಾಗಿಲಲ್ಲಿ ನಿಂತು "ಮುಟ್ಟಬೇಡ ಪುಟ್ಟಿ, ಕೈ ತೊಳ್ಕೊಂಡು ಬರ್ತೀನಿ" ಎನ್ನುತ್ತಿದ್ದ ಅಪ್ಪ ಕಣ್ಣ ಮುಂದೆ ಬಂದ. ಚಿಕ್ಕಂದಿನಲ್ಲಿ ಅವಳಿಗೆ ಅಪ್ಪ ಎಂದರೆ ಮೊದಲು ಈ ವಾಸನೆ, ಮುಖ ಆಮೇಲೆ.

"ಸಾಕು ಬಿಡೇ, ಚರ್ಮ ಕಿತ್ತು ಬರುತ್ತೆ" ಎಂದಳು ಚಿಕ್ಕಮ್ಮ.

"ಕಪ್ಪು ಹೋಗ್ತಾನೇ ಇಲ್ಲ ಚಿಕ್ಕಮ್ಮ."

"ಒಂದು ಜನ್ಮದ್ದು ಅದು. ಅವರ ಜೊತೇಲೇ ಹೋಗ್ಲಿ."

ಅಪ್ಪ ಮನರಂಜನಾ ಪಾರ್ಕಿನಲ್ಲಿ ಫಿಟ್ಟರ್ ಆಗಿದ್ದ. ಅಲ್ಲಿನ ಉಕ್ಕಿನ ರೋಲರ್ ಕೋಸ್ಟರಿಗೆ ಕೆಲಸಗಾರರು ಇಟ್ಟ ಹೆಸರು ಹೆಬ್ಬಾವು. ಗೇಟು ತೆರೆಯುವ ಮೊದಲು ದಿನವೂ ಅದರ ಬೆನ್ನ ಮೇಲೆ ಹತ್ತಿ, ಒಂದೊಂದು ಬೋಲ್ಟನ್ನೂ ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟು ಕೇಳುವುದು ಅವನ ಕೆಲಸ. ಹಾಗಾಗಿ ಅವನು ಎಲ್ಲರಿಗೂ ಸುತ್ತಿಗೆ ಮೇಸ್ತ್ರಿ.

"ನನ್ನ ಮಗಳ ಮದುವೇಲಿ ಕೂರೋ ಮೊದಲು ಕುರ್ಚಿ ಕಾಲು ತಟ್ಟಿ ನೋಡಿದ್ರು ಕಣ್ರೀ" ಎಂದಳು ಗೋಡೆಗೆ ಒರಗಿ ಕೂತಿದ್ದ ಟಿಕೆಟ್ ಅಜ್ಜಿ. ಪಾರ್ಕಿನ ಕೌಂಟರಿನಲ್ಲಿ ಟಿಕೆಟ್ ಹರಿಯುತ್ತಲೇ ಮುದುಕಿಯಾದವಳು ಅವಳು. "ಬೀಗರು ಮುಖ ಮುಖ ನೋಡ್ಕೊಂಡ್ರು. 'ಏನೂ ಇಲ್ಲ, ಭದ್ರವಾಗಿದೆ, ಕೂತ್ಕೊಳ್ಳಿ' ಅಂತ ಅವರಿಗೇ ಉಪಚಾರ ಮಾಡಿದ್ರು ಮಹಾನುಭಾವ."

ಅಳುತ್ತಿದ್ದವರೂ ನಕ್ಕರು. ನಗದೆ ಇದ್ದವನು ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮನ ಮಗ. ಗುಜರಿ ಅಂಗಳದಲ್ಲಿ ಗ್ಯಾಸ್ ಬೆಂಕಿಯಿಂದ ಕಬ್ಬಿಣ ಕತ್ತರಿಸುವ ಆಳು. ಬಾಗಿಲ ತುಂಬ ಅವನ ಭುಜಗಳೇ.

"ಅಕ್ಕ, ಈಗಲೇ ಹೇಳಿರ್ತೀನಿ. ಆ ಒಕ್ಕಣ್ಣ ಏನಾದ್ರೂ ಈ ಕಡೆ ತಲೆ ಹಾಕಿದ್ರೆ ಉಳಿದ ಕಣ್ಣೂ ನಾನೇ ಕೀಳ್ತೀನಿ. ನಮ್ಮಪ್ಪನ್ನ ಕೊಂದೋನು ದೊಡ್ಡಪ್ಪನ ಹೆಣ ಮುಟ್ಟಬಾರದು."

"ಅವನ್ಯಾಕೆ ಬರ್ತಾನೋ?" ಎಂದಳು ಅವಳು. ಆದರೆ ಬರುತ್ತಾನೆಂದು ಒಳಗೊಳಗೇ ಅವಳಿಗೆ ಹೆದರಿಕೆಯಿತ್ತು. ಇವತ್ತು ಒಂದು ಹೆಣ ಸಾಕು, ಇನ್ನೊಂದು ಬೀಳುವುದು ಬೇಡ. ಇವನು ಜೈಲಿಗೆ ಹೋಗುವುದೂ ಬೇಡ. ಈ ಮನೆ ಅದನ್ನೂ ಒಮ್ಮೆ ಕಂಡಿತ್ತು.

ಮೊನ್ನೆ ಬೆಳಿಗ್ಗೆ ಹಳಿಯಿಂದ ಇಳಿದ ಅಪ್ಪ ಸ್ವಿಚ್ ರೂಮಿನ ಮೆಟ್ಟಿಲ ಮೇಲೆ ಎದೆ ಹಿಡಿದು ಕೂತ. ಮತ್ತೆ ಏಳಲಿಲ್ಲ. ಆಸ್ಪತ್ರೆಯವರು ಕೊಟ್ಟ ಚೀಲದಲ್ಲಿ ಅವನ ಅಂಗಿ ಇತ್ತು, ಟಿಫಿನ್ ಕ್ಯಾರಿಯರ್ ಇತ್ತು. ಅಂಗಿಯ ಜೇಬಿನಲ್ಲಿ ಹಿತ್ತಾಳೆಯ ಒಂದು ಕೀಲಿ. ಕ್ಯಾರಿಯರಿನಲ್ಲಿ ಕೆಳಗಿನ ಡಬ್ಬಿ ಮಾತ್ರ ಇರಲಿಲ್ಲ. ಗಡಿಬಿಡಿಯಲ್ಲಿ ಎಲ್ಲೋ ಬಿದ್ದಿರಬೇಕು ಎಂದುಕೊಂಡಿದ್ದಳು.

*

ಹೆಬ್ಬಾವು ಲಾರಿಗಳಲ್ಲಿ ತುಂಡು ತುಂಡಾಗಿ ಬಂದಿತ್ತು. ಅಪ್ಪ, ಚಿಕ್ಕಪ್ಪ ಇಬ್ಬರೂ ಅದನ್ನು ಜೋಡಿಸುವ ಕೂಲಿಗೆ ಹೋದವರು, ಫಿಟ್ಟರುಗಳಾಗಿ ಉಳಿದರು. ನಿಲ್ಲುವ ಮೊದಲೇ ಅದರ ಕಂಬವೊಂದು ಜಾರಿ ಕೂಲಿಯೊಬ್ಬನ ಕಾಲು ತಿಂದಿತು. ಆಮೇಲೆ ಕೆಂಪು ಬಣ್ಣ ಬಳಿದರು, ದೀಪ ಕಟ್ಟಿದರು. ಜನ ದುಡ್ಡು ಕೊಟ್ಟು ಕಿರುಚಲು ಬಂದರು.

ಮೇಲೆ ಹತ್ತುವ ಫಿಟ್ಟರು ಮೊದಲು ಮೆಯಿನ್ ಸ್ವಿಚ್ಚಿನ ಹಿಡಿಗೆ ತನ್ನ ಬೀಗ ಹಾಕಬೇಕು. ಕೀಲಿ ಅವನ ಜೇಬಿನಲ್ಲೇ ಇರಬೇಕು. ಹಾಕಿದವನೇ ಬಂದು ತೆಗೆಯುವ ತನಕ ರೈಲು ಕದಲುವಂತಿಲ್ಲ. ಕಾನೂನು ಇಷ್ಟೇ. ಆದರೆ ಚಿಕ್ಕಪ್ಪ ಮರೆಗುಳಿ. ಬೀಗ ಹಾಕಿ, ಕೆಲಸ ಮುಗಿಸಿ, ತೆಗೆಯುವುದನ್ನೇ ಮರೆತು ಎಲ್ಲೋ ಹರಟುತ್ತ ಕೂತುಬಿಡುತ್ತಿದ್ದ. ಎಲ್ಲರೂ ಅವನನ್ನು ಹುಡುಕಿಕೊಂಡು ಪಾರ್ಕೆಲ್ಲ ಸುತ್ತುತ್ತಿದ್ದರು.

ಅದೊಂದು ರಜಾದಿನ. ಅವಳು ಕ್ಯಾರಿಯರ್ ಹಿಡಿದು ಹೋಗಿದ್ದಳು. ಸ್ವಿಚ್ ರೂಮಿನ ಆಪರೇಟರು ಆಗ ಹರೆಯದವನು, ಎರಡೂ ಕಣ್ಣಿದ್ದವನು. "ಬಿಸಿಲಲ್ಲಿ ನಿಲ್ಲಬೇಡ ಪುಟ್ಟಿ" ಎಂದು ತನ್ನ ಸ್ಟೂಲನ್ನೇ ಅವಳಿಗೆ ಕೊಟ್ಟು ತಾನು ನಿಂತ. ಹೊರಗೆ ಸಾಲಿನಲ್ಲಿದ್ದ ಜನ ತಾಳ್ಮೆಗೆಟ್ಟು ಕಂಬಿ ಬಡಿಯುತ್ತಿದ್ದರು. ಬಾಟಲಿಯೊಂದು ಬಂದು ಕಿಟಕಿಗೆ ಅಪ್ಪಳಿಸಿತು.

"ಬೀಗ ಇದೆ ಸಾರ್" ಎಂದ ಆಪರೇಟರು.

"ಮರೆತು ಎಲ್ಲೋ ಬಿದ್ಕೊಂಡಿರ್ತಾನೆ ಆ ಬೋಳಿಮಗ. ಕತ್ತರಿಸೋ! ಇಲ್ಲಾಂದ್ರೆ ನಾಳೆಯಿಂದ ಬರಬೇಡ" ಎಂದು ಮ್ಯಾನೇಜರು ಕಬ್ಬಿಣ ಕತ್ತರಿಸುವ ಉದ್ದ ಹಿಡಿಯ ಕತ್ತರಿಯನ್ನು ಅವನ ಕೈಗೆ ತುರುಕಿದ.

ಅವನು ಕತ್ತರಿಸಿದ.

ಅವತ್ತು ಚಿಕ್ಕಪ್ಪ ಏನನ್ನೂ ಮರೆತಿರಲಿಲ್ಲ. ಇಳಿಜಾರಿನ ಆಚೆ ಹಳಿಯ ಮೇಲೆ ಅಂಗಾತ ಮಲಗಿ ಬೋಲ್ಟು ಬಿಗಿಯುತ್ತಿದ್ದ. ರೈಲಿನಲ್ಲಿದ್ದವರೆಲ್ಲ ಕಿರುಚುತ್ತಲೇ ಇದ್ದುದರಿಂದ ಯಾವ ಕಿರುಚು ಅವನದು ಎಂದು ಯಾರಿಗೂ ತಿಳಿಯಲಿಲ್ಲ. ರೈಲು ತಿರುಗಿ ಬಂದು ನಿಂತಾಗ ಮುಂದಿನ ಸೀಟಿನ ಹೆಂಗಸು ತನ್ನ ಬಿಳಿ ಅಂಗಿ ನೋಡಿಕೊಂಡು, ಬಣ್ಣ ಇನ್ನೂ ಹಸಿ ಇದೆ ಎಂದುಕೊಂಡಳು.

ಆಮೇಲೆ ಅಪ್ಪ ಬಂದ. ಕೈಯಲ್ಲಿ ಸುತ್ತಿಗೆಯಿತ್ತು. ಕತ್ತರಿ ಹಿಡಿದ ಕೈಗೆ ಮೊದಲ ಏಟು. ಬೆರಳುಗಳು ಕಡ್ಡಿಗಳಂತೆ ಮುರಿದವು. ಎರಡನೆಯದು ದವಡೆಗೆ. ಮೂರನೆಯದು ಕಣ್ಣಿಗೆ. ಬೋಲ್ಟು ತಟ್ಟುವಾಗ ಇರುತ್ತಿದ್ದ ಅದೇ ನಿಧಾನ, ಅದೇ ಲಕ್ಷ್ಯ. ಅವಳ ಕೈಯಿಂದ ಕ್ಯಾರಿಯರ್ ಜಾರಿತು. ಡಬ್ಬಿಗಳು ಬಿಚ್ಚಿ ಅನ್ನವೆಲ್ಲ ರಕ್ತದ ನೆಲಕ್ಕೆ ಚೆಲ್ಲಿತು. ಸುತ್ತಿಗೆಯನ್ನು ತಲೆಯ ಮೇಲಕ್ಕೆತ್ತಿ ಮುಂದೆ ಹೆಜ್ಜೆಯಿಟ್ಟ ಅಪ್ಪನ ಕಾಲು ಆ ಅನ್ನದ ಮೇಲೆ ಜಾರಿತು. ನೆತ್ತಿಗೆ ಬೀಳಬೇಕಾಗಿದ್ದ ಏಟು ಗೋಡೆಗೆ ಬಿತ್ತು. ಅಷ್ಟರಲ್ಲಿ ಜನ ಹಿಡಿದುಕೊಂಡರು.

ಕೋರ್ಟು ಅಪ್ಪನಿಗೂ ಆಪರೇಟರಿಗೂ ಶಿಕ್ಷೆ ಕೊಟ್ಟಿತು. ಕತ್ತರಿಸು ಎಂದವನಿಗೆ ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿತು. ಹೆಬ್ಬಾವಿಗೆ ನೀಲಿ ಬಣ್ಣ ಬಳಿದು, 'ಮಿಂಚು' ಎಂದು ಹೆಸರಿಟ್ಟು ಮತ್ತೆ ಓಡಿಸಿದರು. ಚಿಕ್ಕಮ್ಮನ ಹೊಟ್ಟೆಯಲ್ಲಿದ್ದ ಮಗ ಆಮೇಲೆ ಹುಟ್ಟಿದ.

*

ಹೆಣ ಎತ್ತಿ ಬಾಗಿಲು ದಾಟಿಸುವಾಗಲೇ ಒಕ್ಕಣ್ಣ ಓಣಿಯ ತುದಿಯಲ್ಲಿ ಕಾಣಿಸಿದ. ಅಂಗಿಯ ತೋಳು ಹರಿದಿತ್ತು. ಹುಬ್ಬು ಒಡೆದು ರಕ್ತ ಕಿವಿಯ ತನಕ ಒಣಗಿತ್ತು. ಪೇಪರಿನಲ್ಲಿ ಸುತ್ತಿದ ಏನನ್ನೋ ಎದೆಗವಚಿಕೊಂಡು ಕುಂಟುತ್ತ ಬಂದ.

"ಕುಡಿದು ಬಿದ್ದು ಬಂದಿದಾನೆ ನೋಡು" ಎಂದರು ಯಾರೋ.

ಚಿಕ್ಕಮ್ಮನ ಮಗ, ಅವಳ ತಮ್ಮ, ತನ್ನ ಹೆಗಲ ಭಾರವನ್ನು ಪಕ್ಕದವನಿಗೆ ದಾಟಿಸಿ ಮುಂದೆ ನಡೆದ. ಅವಳು "ಬೇಡ ಕಣೋ" ಎನ್ನುವಷ್ಟರಲ್ಲಿ ಮೊದಲ ಗುದ್ದು ಬಿದ್ದಿತ್ತು. ಮುದುಕ ಒಕ್ಕಣ್ಣ ಗೋಡೆಗೆ ಬಡಿದು ಕುಸಿದ. ತಮ್ಮ ಅವನ ಕೊರಳಪಟ್ಟಿ ಹಿಡಿದೆತ್ತಿ ಮತ್ತೆ ಹೊಡೆದ, ಮತ್ತೆ ಹೊಡೆದ. ಮುದುಕ ಕೈ ಅಡ್ಡ ತರಲಿಲ್ಲ. ಎರಡು ಕೈಯೂ ಆ ಪೇಪರಿನ ಗಂಟನ್ನೇ ಹಿಡಿದಿದ್ದವು. ಹೊಟ್ಟೆಗೆ ಒದ್ದಾಗ ಮಾತ್ರ ಅದು ಕೈತಪ್ಪಿತು. ಕಲ್ಲಿನ ಮೇಲೆ ಠಣ್ಣೆಂದು ಬಿದ್ದು, ಪೇಪರು ಬಿಚ್ಚಿ, ಉರುಳುತ್ತ ಬಂದು ಅವಳ ಕಾಲ ಬಳಿ ನಿಂತಿತು.

ಸ್ಟೀಲಿನ ಡಬ್ಬಿ. ಒಳಗೆ ಏನೂ ಇಲ್ಲ. ಬೂದಿ ಹಾಕಿ ತಿಕ್ಕಿದಂತೆ ಫಳಫಳ ಹೊಳೆಯುತ್ತಿತ್ತು. ಅಂಚಿನಲ್ಲಿ ಅವಳಿಗೆ ಚೆನ್ನಾಗಿ ಗೊತ್ತಿದ್ದ ತಗ್ಗು. ಸ್ವಿಚ್ ರೂಮಿನ ನೆಲಕ್ಕೆ ಅದು ಬಿದ್ದ ದಿನದ್ದು.

ಅವಳಿಗೆ ಒಮ್ಮೆಲೇ ಎಲ್ಲ ಹೊಳೆಯಿತು. ಅಪ್ಪನ ಹೊಟ್ಟೆ ದೊಡ್ಡದು ಎಂದು ಮನೆಯಲ್ಲಿ ತಮಾಷೆ. ಎರಡು ಡಬ್ಬಿ ಅನ್ನ ಕೇಳುತ್ತಿದ್ದ, ಸೊರಗಿ ಕಡ್ಡಿಯಾಗಿಯೇ ಇದ್ದ. ಸಂಜೆ ಮೇಲಿನ ಡಬ್ಬಿ ಎಂಜಲು ಅಂಟಿಕೊಂಡೇ ಬರುತ್ತಿತ್ತು. ಕೆಳಗಿನದು ಮಾತ್ರ ಎಂದೂ ತೊಳೆಯದೆ ಬಂದದ್ದಿಲ್ಲ. ಜನ್ಮದಲ್ಲಿ ಒಂದು ಲೋಟ ತೊಳೆದವನಲ್ಲ ಅಪ್ಪ. ಇದನ್ನು ಯಾರು ತೊಳೆಯುತ್ತಾರೆಂದು ಇಷ್ಟು ವರ್ಷದಲ್ಲಿ ಅವಳು ಕೇಳಿಕೊಂಡಿರಲೇ ಇಲ್ಲ.

"ನಿಲ್ಸೋ!" ಎಂದು ಕೂಗಿದಳು. ಮುದುಕನಿಗೂ ತಮ್ಮನಿಗೂ ನಡುವೆ ಹೋಗಿ ನಿಂತಳು. ಕೆಳಗಿಳಿಯುತ್ತಿದ್ದ ಮುಷ್ಟಿ ಅವಳ ಭುಜಕ್ಕೆ ತಾಗಿ ಕಣ್ಣು ಕತ್ತಲಿಟ್ಟಿತು. ಅಕ್ಕನಿಗೆ ಏಟು ಬಿತ್ತೆಂದು ತಿಳಿದು ತಮ್ಮ ಹಿಂದೆ ಸರಿದ.

"ಏನಕ್ಕೆ ಬಂದ್ರಿ?" ಎಂದು ಮುದುಕನನ್ನು ಕೇಳಿದಳು.

ಅವನು ಬಾಯೊಳಗಿನ ರಕ್ತ ಉಗುಳಿದ. ಮುರಿದು ಕೂಡಿದ ದವಡೆಯಿಂದ ಮಾತು ಓರೆಯಾಗಿ ಬಂತು. "ಬೀಗ ಹಾಗೇ ಇದೆ ತಾಯಿ. ಮೇಸ್ತ್ರಿ ಹಾಕಿದ್ದು. ಇಳಿದು ಬಂದ್ರು, ತೆಗೆಯೋಕ್ ಮುಂಚೆ ಕೂತ್ಬಿಟ್ರು."

"ಅದಕ್ಕೆ?"

"ಇವತ್ತು ಈಗಿನ ಮ್ಯಾನೇಜರು ಕತ್ತರಿ ತಂದ. ಕತ್ತರಿಸೋಕ್ ಬಿಡಲ್ಲ ಅಂದೆ. ಕಾವಲಿನೋರನ್ನ ಬಿಟ್ಟು ಹೊಡೆಸಿದ. ಹಿಡಿ ತಬ್ಕೊಂಡು ಬಿದ್ಕೊಂಡೆ. ಬಂದಿದ್ದ ಜನ ಬೈದ್ರು, ಹಾಗಾಗಿ ಬಿಟ್ಟ. ಸಂಜೆ ತನಕ ಟೈಮ್ ಕೊಟ್ಟಿದಾನೆ." ಒಂದು ಕಣ್ಣಿನಲ್ಲಿ ಅವನು ತಮ್ಮನನ್ನು ನೋಡಿದ. "ಮೇಲೆ ಯಾರೂ ಇಲ್ಲ ಅಂತ ನಂಗೊತ್ತಪ್ಪ. ಆದ್ರೂ ಇನ್ನೊಂದ್ಸಲ ಕತ್ತರಿಸೋಕ್ ಬಿಡ್ಲಿಲ್ಲ. ಪಕ್ಕದಲ್ಲಿ ನಂದೂ ಒಂದು ಬೀಗ ಜಡಿದು ಬಂದಿದೀನಿ. ನಿಮ್ಮ ಮನೆಯೋರೇ ಬಂದು ತೆಗೀಬೇಕು."

"ಡಬ್ಬಿ?"

"ಮೊನ್ನೆ ಹತ್ತೋ ಮುಂಚೆ ಕಿಟಕೀಲಿ ಇಟ್ಟಿದ್ರು. ದಿನಾ ಇಡೋ ಹಾಗೆ. ಆವತ್ತು ಗಂಟಲಲ್ಲಿ ಇಳೀಲಿಲ್ಲ. ಮಾರನೇ ದಿನ ತಿಂದೆ. ಹಳಸಿತ್ತು." ಅವನು ಡಬ್ಬಿಯ ಕಡೆ ನೋಡಿದ. "ಆದ್ರೂ ಪೂರ್ತಿ ತಿಂದೆ."

ಟಿಕೆಟ್ ಅಜ್ಜಿ ಮುಂದೆ ಬಂದಳು. "ಜೈಲಿಂದ ಬಂದ ಮೇಲೆ ಮೇಸ್ತ್ರಿ ಮೊದಲ ದಿನ ಸ್ವಿಚ್ ರೂಮಿಗೆ ಕಾಲಿಟ್ಟಾಗ ನಾನಲ್ಲೇ ಇದ್ದೆ. ಮೊದಲೇ ಬಿಡುಗಡೆಯಾಗಿ ಹಳೇ ಕೆಲಸಕ್ಕೇ ಸೇರಿದ್ದ ಇವನು ಗಡಗಡ ನಡುಗ್ತಾ ಇದ್ದ. ಇವತ್ತು ಇವನ ಕತೆ ಮುಗೀತು ಅಂತ ನಾವೆಲ್ಲ ಅಂದ್ಕೊಂಡ್ವಿ. ಮೇಸ್ತ್ರಿ ಬೀಗ ಹಾಕಿದ್ರು, ಕೀಲಿ ಜೇಬಿಗಿಟ್ರು, ಹತ್ತಿದ್ರು. ಅಷ್ಟೇ. ಆಪರೇಟರನ್ನ ಬದಲಾಯಿಸ್ತೀವಿ ಅಂತ ಆಫೀಸಿನೋರು ಅಂದ್ರೆ ಬೇಡ ಅಂದ್ರು. 'ಇವನಷ್ಟು ಹೆದರಿದೋನು ನಂಗೆ ಎಲ್ಲಿ ಸಿಗ್ತಾನೆ? ನಾನು ಮೇಲಿರೋವಾಗ ಕೆಳಗೆ ಇವನೇ ಇರ್ಲಿ' ಅಂದ್ರು. ಆಮೇಲೆ ಸಾಯೋ ತನಕ ಇಬ್ರೂ ಒಂದು ಮಾತು ಆಡಿದ್ದು ನಾನು ಕಾಣೆ."

ಎಲ್ಲರ ಕಣ್ಣೂ ಚಿಕ್ಕಮ್ಮನ ಕಡೆ ತಿರುಗಿತು. ಅವಳು ಸೆರಗಿನ ತುದಿಯಿಂದ ಮೂಗೊರೆಸಿಕೊಂಡಳು.

"ನನ್ನ ಗಂಡನ್ನ ತಿಂದೋನು ಇವನು. ಕ್ಷಮಿಸೋದು ಗಿಮಿಸೋದು ನನ್ನ ಕೈಲಾಗಲ್ಲ, ಯಾರೂ ಕೇಳಲೂಬೇಡಿ" ಎಂದಳು. ಮಗನ ಕಡೆ ತಿರುಗಿದಳು. "ಆದ್ರೆ ಬೀಗ ಕಾದಿದಾನೆ. ಭಾವನ್ನ ಮಣ್ಣು ಮಾಡಿ ಬಂದು, ನೀನೇ ಹೋಗಿ ತೆಗಿ."

"ನಾನಾ?"

"ಮತ್ತಿನ್ಯಾರು? ನಿಮ್ಮಪ್ಪನ ಬೀಗ ತೆಗೆಯೋಕೆ ಯಾರೂ ಉಳಿದಿರಲಿಲ್ಲ. ಇದಕ್ಕಾದ್ರೂ ನೀನಿದೀಯ."

*

ಸ್ಮಶಾನದಿಂದ ಬಂದವರು ಮನೆಯಲ್ಲಿ ಊಟಕ್ಕೆ ಕೂತಾಗ ಅಕ್ಕ ತಮ್ಮ ಇಬ್ಬರೂ ಪಾರ್ಕಿಗೆ ನಡೆದರು. ತಮ್ಮನ ಉಗುರಿನ ಸಂದಿನಲ್ಲಿ ಗುಂಡಿಯ ಮಣ್ಣು ಇನ್ನೂ ಇತ್ತು.

ಸ್ವಿಚ್ ರೂಮಿನ ಬಾಗಿಲಲ್ಲಿ ಮ್ಯಾನೇಜರೂ ಇಬ್ಬರು ಕಾವಲುಗಾರರೂ ನಿಂತಿದ್ದರು. ಒಬ್ಬನ ಕೈಯಲ್ಲಿ ಉದ್ದ ಹಿಡಿಯ ಕತ್ತರಿ.

"ಎಷ್ಟೊತ್ತು ರೀ ಕಾಯೋದು?" ಎಂದ ಮ್ಯಾನೇಜರು.

ಕಾವಲುಗಾರನ ಕೈಯಿಂದ ಕತ್ತರಿ ಕಿತ್ತುಕೊಂಡ ತಮ್ಮ, ಅದರ ಎರಡು ಹಿಡಿಗಳನ್ನೂ ಅಗಲಿಸಿ, ಮೊಣಕಾಲಿಗೆ ಒತ್ತಿ, ನಡುವಿನ ಕೀಲು ಲಟಕ್ಕೆಂದು ಮುರಿಯುವ ತನಕ ಬಗ್ಗಿಸಿದ. ತುಂಡುಗಳನ್ನು ಮ್ಯಾನೇಜರನ ಕಾಲ ಬಳಿ ಎಸೆದ. ಮೂವರೂ ದಾರಿ ಬಿಟ್ಟರು.

ಒಳಗೆ ಒಕ್ಕಣ್ಣ ಅದೇ ಹಳೆಯ ಸ್ಟೂಲಿನ ಮೇಲಿದ್ದ. ಅವಳನ್ನು ಕಂಡು ಎದ್ದು ಅದನ್ನು ಅವಳ ಕಡೆ ಸರಿಸಿದ. ಅವನ ತಲೆಯ ಹಿಂದೆ ಗೋಡೆಯ ಗಾರೆಯಲ್ಲಿ ಸುತ್ತಿಗೆಯ ಏಟಿನ ಗುಳಿ ಇನ್ನೂ ಇತ್ತು. ಎಷ್ಟು ಸಲ ಬಣ್ಣ ಬಳಿದರೂ ಅದು ಮುಚ್ಚಿರಲಿಲ್ಲ. ಹಿಡಿಯಲ್ಲಿ ಎರಡು ಬೀಗ ಅಕ್ಕಪಕ್ಕ ತೂಗುತ್ತಿದ್ದವು. ಒಂದು ಗ್ರೀಸು ಕುಡಿದು ಕಪ್ಪಾದದ್ದು, ಇನ್ನೊಂದು ಅಂಗಡಿಯ ಹೊಳಪು ಹೋಗದ್ದು.

ಮುದುಕ ತನ್ನದನ್ನು ಮೊದಲು ತೆಗೆದ. ಮುರಿದು ಸರಿಯಾಗಿ ಕೂಡದ ಬೆರಳುಗಳಿಗೆ ಕೀಲಿ ತಿರುಗಿಸುವುದು ಕಷ್ಟವಾಯಿತು. ಅಕ್ಕ ಕೊಟ್ಟ ಹಿತ್ತಾಳೆಯ ಕೀಲಿಯನ್ನು ಕಪ್ಪು ಬೀಗಕ್ಕೆ ಹಾಕಿದ ತಮ್ಮ ಹಾಗೆಯೇ ನಿಂತ. ಕಿಟಕಿಯಿಂದ ಆಚೆ, ಹೆಬ್ಬಾವಿನ ಬೆನ್ನು ಆಕಾಶಕ್ಕೆ ಹತ್ತಿ ಇಳಿಜಾರಿನ ಆಚೆ ಮರೆಯಾಗುವಲ್ಲಿ ನೋಡಿದ. ಬಹಳ ಹೊತ್ತು ನೋಡಿದ.

"ಮೇಲೆ ಯಾರಾದ್ರೂ ಇದಾರಾ?" ಎಂದು ಕೇಳಿದ.

ಮುದುಕ ಕಿಟಕಿಯ ಹೊರಗೆ ಬಗ್ಗಿ, ಒಂದೇ ಕಣ್ಣನ್ನು ಕಿರಿದು ಮಾಡಿ, ಹಳಿಯ ಈ ತುದಿಯಿಂದ ಆ ತುದಿಯ ತನಕ ನೋಡಿದ. ತಾನು ಕಂಡದ್ದನ್ನು ನಂಬದವನಂತೆ ಮತ್ತೊಮ್ಮೆ ನೋಡಿದ.

"ಯಾರೂ ಇಲ್ಲಪ್ಪ" ಎಂದ.

ಬೀಗ ಬಿಚ್ಚಿಕೊಂಡಿತು. ತಮ್ಮ ಅದನ್ನು ಜೇಬಿಗೆ ಹಾಕಿಕೊಂಡು ಮುಖ ತಿರುಗಿಸಿ ಮೆಟ್ಟಿಲ ಮೇಲೆ ಹೋಗಿ ಕೂತ.

ಅವಳು ಚೀಲದಿಂದ ಡಬ್ಬಿ ತೆಗೆದಳು. ಅಂಚಿನಲ್ಲಿ ತಗ್ಗಿದ್ದದ್ದು. ಅನ್ನ ಇನ್ನೂ ಬಿಸಿಯಿದ್ದುದರಿಂದ ಸೆರಗಿನಲ್ಲಿ ಹಿಡಿದು, ಕಿಟಕಿಯಲ್ಲಿ ಇಡಲು ಹೋದವಳು ಇಡದೆ, ಮುದುಕನ ಕೈಗೇ ಕೊಟ್ಟಳು.