ಕಪಾಟಿನ ಮೇಲಿನ ಹೊಟ್ಟೆಕಿಚ್ಚು

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವೇ ಕಂಡುಹಿಡಿದು ಮೂಗು ಮುರಿಯುವುದು ಬೇಡ. ನಾನು ಒಂದು ಟಿವಿ ಗೇಮ್. ಈಗಿನವರು ಕನ್ಸೋಲ್ ಎನ್ನುತ್ತಾರಂತೆ. ನಾನು ಬಂದ ಕಾಲಕ್ಕೆ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಆ ಮಾತು ಯಾರಿಗೂ ಗೊತ್ತಿರಲಿಲ್ಲ.

ಹುಟ್ಟಿದ್ದು ದೂರದ ಯಾವುದೋ ಕಾರ್ಖಾನೆಯಲ್ಲಿ. ಬೂದು ಬಣ್ಣದ ಪ್ಲಾಸ್ಟಿಕ್ ಮೈ, ಎದೆಯ ಮೇಲೆ ಕೆಂಪು ಬಟನ್, ತಂತಿ ಕಟ್ಟಿದ ಎರಡು ರಿಮೋಟ್. ನನ್ನ ಡಬ್ಬಿಯ ಮೇಲೆ ಸಾವಿರ ಆಟ ಎಂದು ಬರೆದಿದ್ದರು. ನಿಜಕ್ಕೂ ಇದ್ದದ್ದು ಹದಿನೇಳು, ಅವೇ ತಿರುಗಿ ತಿರುಗಿ ಬರುತ್ತಿದ್ದವು. ಅದು ನನ್ನ ತಪ್ಪಲ್ಲ.

ಬಸವಂತಪ್ಪನವರದು ಚಷ್ಮಾ ಅಂಗಡಿ. ಫ್ರೇಮ್ ತರಲು ಮುಂಬೈಗೆ ಹೋದವರು ನನ್ನನ್ನೂ ಚೀಲದಲ್ಲಿ ಹಾಕಿಕೊಂಡು ಬಂದರು. ಜೊತೆಗೆ ಆಟದ ಒಂದು ಹಳದಿ ಕ್ಯಾಸೆಟ್. ಅಂಗಡಿಯ ಹಿಂದೆಯೇ ಮನೆ. ಏಳು ವರ್ಷದ ಮಗಳು ನೀಲಾಂಬಿಕಾ ನನ್ನನ್ನು ಕಂಡು ಕುಣಿದಳು. ಹೆಂಡತಿ ಶಾಂತವ್ವ ಮಾತ್ರ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಊರಿಗೆಲ್ಲಾ ಕಣ್ಣ ಕೊಡೋರು, ಮನ್ಯಾಗಿನ ಕೂಸಿನ ಕಣ್ಣ ಕೆಡಸ್ತೀರೇನ?"

ಅದಕ್ಕೆ ಬಸವಂತಪ್ಪ ಒಂದು ಕಾಯ್ದೆ ಮಾಡಿದರು. ಅಂಗಡಿಯಿಂದ ಕಣ್ಣು ಪರೀಕ್ಷೆಯ ಹಳೆಯ ಕನ್ನಡ ಚಾರ್ಟು ತಂದು ನಡುಮನೆಯ ಗೋಡೆಗೆ ಹೊಡೆದರು. ಮೇಲೆ ದೊಡ್ಡ ಅಕ್ಷರ, ಕೆಳಗೆ ಇಳಿದಂತೆ ಸಣ್ಣ ಅಕ್ಷರ. ನೀಲಾ ದಿನಾ ಬಾಗಿಲ ಹತ್ತಿರ ನಿಂತು, ಒಂದೊಂದೇ ಕಣ್ಣು ಮುಚ್ಚಿಕೊಂಡು ಕೊನೆಯ ಸಾಲು ಓದಬೇಕು.

"ಓದಿದ್ರ ಅರ್ಧಾ ತಾಸು ಆಟ. ತಪ್ಪಿದ್ರ ಇಲ್ಲ."

"ನ, ಗ, ಲ, ಪ, ಟ, ರ," ಎನ್ನುತ್ತಿದ್ದಳು ನೀಲಾ. ನಾಲ್ಕೇ ದಿನಕ್ಕೆ ಅವಳಿಗೆ ಅದು ಬಾಯಿಪಾಠ ಆಗಿತ್ತು. ಕೆಲವೊಮ್ಮೆ ನನ್ನ ಕಡೆ ನೋಡುತ್ತಲೇ ಚಾರ್ಟು ಓದಿ ಮುಗಿಸುತ್ತಿದ್ದಳು. ಕಣ್ಣಿನ ಕೆಲಸದಲ್ಲೇ ಕೂದಲು ಹಣ್ಣಾಗುತ್ತಿದ್ದ ಮನುಷ್ಯನಿಗೆ ಇದು ತಿಳಿಯದೇ ಇರುತ್ತದೆಯೇ? ಅವರು ಮೀಸೆಯಲ್ಲೇ ನಕ್ಕು ಎರಡನೇ ರಿಮೋಟ್ ಕೈಗೆತ್ತಿಕೊಳ್ಳುತ್ತಿದ್ದರು.

ಹಳದಿ ಕ್ಯಾಸೆಟ್ಟಿನ ಹೆಸರು ಯಾರಿಗೂ ಓದಲು ಬರಲಿಲ್ಲ. ಅದು ಯಾವ ಲಿಪಿಯೋ ಏನೋ. ಪರದೆಯ ಮೇಲೆ ಇಬ್ಬರು ಗಿಡ್ಡರು, ಒಬ್ಬ ಕೆಂಪು, ಒಬ್ಬ ಹಸಿರು. ಕೈಯಲ್ಲಿ ಛತ್ರಿ, ಗದ್ದದ ಕೆಳಗೆ ಬಿಳಿ ಗಡ್ಡ. ಹಾಗಾಗಿ ಮನೆಯಲ್ಲಿ ಆ ಆಟಕ್ಕೆ 'ಛತ್ರಿ ಅಜ್ಜ' ಎಂದೇ ಹೆಸರಾಯಿತು. ಕೆಂಪು ಅಜ್ಜ ನೀಲಾ, ಹಸಿರು ಅಜ್ಜ ಅಪ್ಪ.

ಆಟದ ಕೊನೆಗೊಂದು ಸೇತುವೆ. ಕಾಲಿಟ್ಟ ಹಲಗೆ ಕಳಚಿ ಬೀಳುತ್ತದೆ. ಮೂರನೇ ಹಲಗೆಯ ಹತ್ತಿರ ಹಸಿರು ಅಜ್ಜ ಛತ್ರಿ ಬಿಚ್ಚಿ ಗಾಳಿಯಲ್ಲಿ ತೂಗಬೇಕು, ಕೆಂಪು ಅಜ್ಜ ಅವನ ಕಾಲು ಹಿಡಿದು ಹಾರಬೇಕು. ಬಸವಂತಪ್ಪ ಪ್ರತಿ ಸಲವೂ ಛತ್ರಿ ತಡವಾಗಿ ಬಿಚ್ಚುತ್ತಿದ್ದರು.

"ಅಪ್ಪಾ, ಛತ್ರಿ ತೆಗಿ! ತೆಗಿ ಅಂದ್ನಿ!"

ಇಬ್ಬರು ಅಜ್ಜಂದಿರೂ ದೊಪ್ಪನೆ ನೀರಿಗೆ. ಅಪ್ಪ ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಸೇತುವಿ ಆಚೆ ಏನೈತೋ ಏನೋ," ಎನ್ನುತ್ತಿದ್ದರು ಬಸವಂತಪ್ಪ. "ಒಮ್ಮೆ ನೋಡೇ ಬಿಡಬೇಕವಾ."

ಆಚೆ ಏನಿದೆ ಎಂದು ನನಗೆ ಗೊತ್ತಿತ್ತು. ಕ್ಯಾಸೆಟ್ಟಿನಲ್ಲಿ ಇದ್ದದ್ದನ್ನೆಲ್ಲ ಓದುವುದು ನಾನೇ ತಾನೆ? ಅದು ಕದ್ದು ಮಾಡಿದ ಅಗ್ಗದ ಪ್ರತಿ. ಸೇತುವೆ ದಾಟಿದರೆ ಮತ್ತೆ ಮೊದಲ ಪರದೆ, ಆಟ ಶುರುವಾಗುವಾಗಿನ ಅದೇ ಐದು ಸ್ವರದ ರಾಗ ಬರುತ್ತದೆ, ಅಷ್ಟೆ. ಆಚೆ ಏನೂ ಇಲ್ಲ. ದಾಟಿದ ದಿನ ಇವರ ಮುಖ ಪೆಚ್ಚಾಗುತ್ತದೆ, ಆಮೇಲೆ ನನ್ನ ಮೇಲಿನ ಅಕ್ಕರೆ ಮುಗಿಯುತ್ತದೆ ಎಂದು ಒಳಗೊಳಗೇ ಅಂಜುತ್ತಿದ್ದೆ. ಅವರು ನೀರಿಗೆ ಬಿದ್ದಾಗಲೆಲ್ಲ ನನಗೆ ನೆಮ್ಮದಿ ಆಗುತ್ತಿತ್ತು.

ಆ ದಿನಗಳಲ್ಲಿ ನನ್ನನ್ನು ನೋಡಿಕೊಂಡ ರೀತಿ ಹೇಳಲೇಬೇಕು. ಬೇರೆ ಮನೆಗಳಲ್ಲಿ ಕ್ಯಾಸೆಟ್ ಕೈಕೊಟ್ಟರೆ ಬಾಯಿಂದ ಉಫ್ ಎಂದು ಊದುತ್ತಿದ್ದರು. ನಮ್ಮ ಮನೆಯಲ್ಲಿ ಅದಕ್ಕೆ ಅಪ್ಪಣೆ ಇರಲಿಲ್ಲ. "ಊದಬ್ಯಾಡ, ಉಗುಳು ತಗಲಿದ್ರ ಜಂಗ ಹಿಡಿತೈತಿ," ಎಂದು ಬಸವಂತಪ್ಪ ಚಷ್ಮಾ ಒರೆಸುವ ಮೆತ್ತನೆಯ ಬಟ್ಟೆಯಿಂದ ಕ್ಯಾಸೆಟ್ಟಿನ ತುದಿಯ ಲೋಹದ ಹಲ್ಲುಗಳನ್ನು ಒಂದೊಂದಾಗಿ ಒರೆಸುತ್ತಿದ್ದರು. ನಾನು ಇಷ್ಟು ವರ್ಷ ಬಾಳಿದ್ದರ ಗುಟ್ಟು ಅದೇ.

ಆಮೇಲೆ ಬಂದಳು ಮೊದಲ ಸವತಿ. ನೀಲಾ ಕಾಲೇಜು ಸೇರಿದ ವರ್ಷ ಸಿ.ಡಿ. ನುಂಗುವ ಒಂದು ಮಷಿನ್ ಮನೆಗೆ ಬಂತು. ನಾನು ಟಿವಿ ಪಕ್ಕದಿಂದ ಕೆಳಗಿನ ಖಾನೆಗೆ ಇಳಿದೆ. ಕೆಲವು ವರ್ಷಕ್ಕೆ ಕಪ್ಪಗೆ, ದಪ್ಪಗೆ ಮತ್ತೊಂದು ಬಂತು. ರಾತ್ರಿ ಹಗಲು ಬುಸುಗುಡುತ್ತಿತ್ತು, ಆದರೂ ಅದಕ್ಕೆ ಮುದ್ದು. ನನ್ನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನಡುಮನೆಯ ಕಪಾಟಿನ ಮೇಲೆ ಇಟ್ಟರು. ಮೊದಲು ಟಿವಿ ಪಕ್ಕದಿಂದ ಅವರ ಮುಖ ನೋಡುತ್ತಿದ್ದೆ, ಈಗ ಮೇಲಿನಿಂದ ಅವರ ನೆತ್ತಿ ನೋಡತೊಡಗಿದೆ. ಬಸವಂತಪ್ಪನವರ ನೆತ್ತಿ ಬೋಳಾದದ್ದು ಮನೆಯಲ್ಲಿ ಎಲ್ಲರಿಗಿಂತ ಮೊದಲು ಕಂಡದ್ದು ನನಗೆ.

ಹೊಸ ಮಷಿನ್ ಬಂದಾಗ ಬಸವಂತಪ್ಪ ರಿಮೋಟ್ ಹಿಡಿದು ನೋಡಿದರು. ಹದಿನಾರು ಬಟನ್. "ಇದರಾಗ ಛತ್ರಿ ಯಾವುದವಾ?" ಎಂದು ಕೇಳಿ ವಾಪಸ್ ಕೊಟ್ಟರು. ಆವತ್ತು ನನಗಾದ ಖುಷಿ ಅಷ್ಟಿಷ್ಟಲ್ಲ.

ನೀಲಾ ಮದುವೆ ಬೇಡವೆಂದು ಅಂಗಡಿ ವಹಿಸಿಕೊಂಡಳು. ಗೇಮ್ ಮಾತ್ರ ಬಿಡಲಿಲ್ಲ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಆಟ ಮಾಡುವ ಕಂಪನಿಗಳು ಮುಂದೆ ಬರುವ ಆಟಗಳನ್ನು ಘೋಷಿಸುತ್ತವೆ. ಘೋಷಣೆಯ ಸಂಜೆ ಅವಳು ಅಂಗಡಿ ಬೇಗ ಮುಚ್ಚುತ್ತಿದ್ದಳು. ಅದಕ್ಕೂ ವಾರ ಮೊದಲೇ ಕಣ್ಣಿನ ನಂಬರು ಬರೆದುಕೊಡುವ ಚೀಟಿಯ ಬೆನ್ನಿಗೆ ಪಟ್ಟಿ ತಯಾರು: ಈ ವರ್ಷ ಯಾವ ಯಾವ ಆಟ ಬರಬೇಕು, ಯಾವುದರ ಎರಡನೇ ಭಾಗ, ಯಾವುದರ ಹೊಸ ರೂಪ. ಪಟ್ಟಿ ತುಂಬ ನನ್ನ ಸವತಿಯರು! ಇನ್ನೂ ಹುಟ್ಟದವರ ಮೇಲೂ ನಾನು ಹೊಟ್ಟೆಕಿಚ್ಚು ಪಟ್ಟಿದ್ದೇನೆ.

ಪಟ್ಟಿಯ ಮೊದಲ ಸಾಲು ಮಾತ್ರ ಎಂದೂ ಬದಲಾಗಲಿಲ್ಲ. ಛತ್ರಿ ಅಜ್ಜ. ಅದನ್ನು ಕಂಡಾಗ ನನ್ನ ಮೈಯೆಲ್ಲ ಉರಿಯುತ್ತಿತ್ತು. ಹಳದಿ ಕ್ಯಾಸೆಟ್ ನನ್ನ ಹೊಟ್ಟೆಯಲ್ಲೇ ಇದೆ, ಅಜ್ಜಂದಿರು ಇಲ್ಲೇ ಇದ್ದಾರೆ, ಇವಳು ಅವರನ್ನು ಹೊರಗೆ ಹುಡುಕುತ್ತಾಳೆ! ನಿಜವಾದ ಹೆಸರು ತಿಳಿಯದೆ ಇಂಟರ್ನೆಟ್ಟಿನಲ್ಲಿ ಕಂಡಕಂಡವರನ್ನು ಕೇಳಿದಳು. ಛತ್ರಿ ಹಿಡಿದ ಗಡ್ಡದ ಅಜ್ಜನನ್ನು ಯಾರೂ ಕಂಡಿರಲಿಲ್ಲ.

"ಬಂತೇನವಾ ನಮ್ಮ ಅಜ್ಜ?" ಘೋಷಣೆ ಮುಗಿದ ಮೇಲೆ ಬಸವಂತಪ್ಪ ಕೇಳುತ್ತಿದ್ದರು.

"ಈ ವರ್ಷಾನೂ ಇಲ್ಲಪ್ಪಾ."

"ಬರ್ತಾನ ತೊಗೋ. ವಯಸ್ಸಾಗೇತಿ, ನಿಧಾನಕ್ಕ ಬರ್ತಾನ."

ಎರಡು ವರ್ಷದ ಹಿಂದೆ ಬಸವಂತಪ್ಪ ಗಿರಾಕಿಯೊಬ್ಬರ ಚಷ್ಮಾಕ್ಕೆ ಎಡಗಾಜು ಬಲಕ್ಕೆ ಕೂಡಿಸಿದರು. ನಲವತ್ತು ವರ್ಷದಲ್ಲಿ ಎಂದೂ ಆಗದ ತಪ್ಪು. ನೀಲಾ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಕಣ್ಣಿನ ಹಿಂದಿನ ಪರದೆ ಸವೆಯುತ್ತಿದೆಯಂತೆ. ಅಂಚು ಕಾಣುತ್ತದೆ, ನಡುವೆ ಮಸುಕು. ಮಸುಕು ದಿನದಿಂದ ದಿನಕ್ಕೆ ಹಬ್ಬುತ್ತದೆ.

"ಇದಕ್ಕ ಚಷ್ಮಾ ಇಲ್ಲಂತ," ಎಂದರು ಬಸವಂತಪ್ಪ ಶಾಂತವ್ವನಿಗೆ. ಅಷ್ಟು ಹೇಳಿ ಚಪ್ಪಲಿ ಬಿಚ್ಚಲು ಕುಳಿತವರು ಬಹಳ ಹೊತ್ತು ಏಳಲಿಲ್ಲ. ಕಪಾಟಿನ ಮೇಲೆ ನಾನು ಆವತ್ತು ಯಾರ ಮೇಲೂ ಹೊಟ್ಟೆಕಿಚ್ಚು ಪಡಲಿಲ್ಲ.

ಅಲ್ಲಿಂದ ಮುಂದೆ ನೀಲಾಳ ಕಾಯುವಿಕೆಗೆ ಗಡುವು ಬಿತ್ತು. ಅಪ್ಪನಿಗೆ ಕಣ್ಣು ಕಾಣುತ್ತಿರುವಾಗಲೇ ಅಜ್ಜ ಬರಬೇಕು. ಅಪ್ಪ ಒಮ್ಮೆ ಸೇತುವೆಯ ಆಚೆ ನೋಡಬೇಕು. ಅವಳು ಪಟ್ಟಿಯ ಉಳಿದ ಸಾಲುಗಳನ್ನು ಬರೆಯುವುದನ್ನೇ ಬಿಟ್ಟಳು.

ಕಳೆದ ಜೂನ್. ಸಂಜೆ ಆರೂವರೆ. ಶಾಂತವ್ವ ಅವಲಕ್ಕಿ ಕಲಸುತ್ತಿದ್ದರು. ದೊಡ್ಡ ಟಿವಿಯಲ್ಲಿ ಒಂದಾದ ಮೇಲೊಂದು ಆಟ ಘೋಷಣೆಯಾಗುತ್ತಿತ್ತು. ಆಗ ಕೇಳಿತು ಆ ರಾಗ. ಏರಿ ಇಳಿಯುವ ಐದೇ ಸ್ವರ. ನನ್ನ ರಾಗ! ನನ್ನ ಹೊಟ್ಟೆಯಿಂದ ಹೊರಟ ರಾಗವನ್ನು ಯಾರೋ ಪಿಟೀಲು, ಡೋಲು ಹಚ್ಚಿ ನುಡಿಸುತ್ತಿದ್ದರು. ನೀಲಾ ಎದ್ದು ನಿಂತಳು.

ಪರದೆಯ ಮೇಲೆ ಛತ್ರಿ ಬಿಚ್ಚಿಕೊಂಡಿತು. ಅದರ ಕೆಳಗೆ ಒಬ್ಬಳು ಹುಡುಗಿ. ಕೊರಳಿಗೆ ದಪ್ಪ ಬಿಳಿ ಮಫ್ಲರ್.

"ಅಪ್ಪಾ! ಅಜ್ಜ ಅಲ್ಲಪ್ಪಾ ಅದು, ಹುಡುಗಿ! ಗಡ್ಡ ಅಲ್ಲ, ಮಫ್ಲರ್!"

"ಏನಂತಿ?" ಬಸವಂತಪ್ಪ ಬೆಚ್ಚಿದರು. "ಮೂವತ್ತ ವರ್ಷ ನಾ ಹುಡುಗೀಗೆ ಅಜ್ಜಾ ಅಂದ್ನೇನ?"

ಇಬ್ಬರೂ ನಕ್ಕರು, ಶಾಂತವ್ವನೂ ನಕ್ಕರು. ಅತ್ತ ಪರದೆಯಲ್ಲಿ ಸೇತುವೆ ಕಂಡಿತು, ಸೇತುವೆಯ ಆಚೆ ಒಂದು ದೊಡ್ಡ ಕೆರೆ, ಕೆರೆಯ ತುಂಬ ತೇಲುವ ಕೆಂಪು ದೀಪ. ನನ್ನ ಹತ್ತಿರ ಇಲ್ಲದ ಕೆರೆ. ನಾನು ಸುಟ್ಟು ಬೂದಿಯಾದೆ. ಕೊನೆಗೆ ತಾರೀಖು ಬಂತು. ಎರಡು ವರ್ಷದ ನಂತರ.

ನೀಲಾಳ ನಗು ಅಲ್ಲಿಗೇ ನಿಂತಿತು. ಬಸವಂತಪ್ಪ ತಲೆ ಓರೆ ಮಾಡಿ, ಗೋಡೆಯ ಕ್ಯಾಲೆಂಡರ್ ಕಡೆ ಮುಖ ತಿರುಗಿಸಿ, ಕಣ್ಣಂಚಿನಿಂದ ಟಿವಿ ನೋಡುತ್ತಿದ್ದರು. "ಬಣ್ಣ ಎಲ್ಲಾ ಕಲಸಿಧಂಗ ಕಾಣತೈತವಾ," ಎಂದರು ಮೆಲ್ಲಗೆ. "ಎಲ್ಲಿ ಹುಡುಗಿ, ಎಲ್ಲಿ ಗಿಡ, ಒಂದೂ ತಿಳೀವಲ್ದು."

ಮಾರನೇ ದಿನ ಮಧ್ಯಾಹ್ನ ನೀಲಾ ಸ್ಟೂಲು ಹಾಕಿ ನನ್ನನ್ನು ಕೆಳಗಿಳಿಸಿದಳು. ನನ್ನ ತಂತಿಯ ಹಳದಿ ಪಿನ್ ಹೊಸ ಟಿವಿಯ ಬೆನ್ನಿಗೆ ಕೂತಿತು. ಬಸವಂತಪ್ಪ ಕ್ಯಾಸೆಟ್ ಕೈಗೆ ತೆಗೆದುಕೊಂಡು ಜೇಬಿನಿಂದ ಚಷ್ಮಾ ಬಟ್ಟೆ ತೆಗೆದರು. ಹಲ್ಲುಗಳನ್ನು ಒಂದೊಂದಾಗಿ ಒರೆಸಿದರು. ಆ ಕೆಲಸಕ್ಕೆ ಅವರಿಗೆ ಕಣ್ಣು ಬೇಕಿರಲಿಲ್ಲ.

ಕೆಂಪು ಬಟನ್ ಒತ್ತಿದರು. ನನಗೆ ಜೀವ ಬಂತು. ಅಷ್ಟು ದೊಡ್ಡ ಪರದೆಯಲ್ಲಿ ನನ್ನ ಚಿತ್ರ ಎಷ್ಟು ಒರಟು! ಒಂದೊಂದು ಚುಕ್ಕೆಯೂ ಚೌಕ ಚೌಕ. ನನಗೇ ನಾಚಿಕೆಯಾಯಿತು. ಬಸವಂತಪ್ಪ ಕ್ಯಾಲೆಂಡರ್ ಕಡೆ ಮುಖ ತಿರುಗಿಸಿದರು.

"ಇಟ್ಟಂಗಿ ಇಟ್ಟಂಗಿ ಕಾಣತೈತಲ್ಲವಾ! ಇದು ಕೆಂಪು. ಇದು ಹಸರು, ಇದು ನಾ!"

ಯಾವ ಸವತಿಯೂ ಕೊಡಲಾಗದ್ದನ್ನು ನನ್ನ ಒರಟು ಇಟ್ಟಿಗೆಯಂಥ ಚುಕ್ಕೆಗಳು ಕೊಟ್ಟವು. ನಾನು ಬೀಗಿದೆ. ಅಡಾಪ್ಟರ್ ಬಿಸಿಯಾಗುವಷ್ಟು ಬೀಗಿದೆ.

ಆಟ ಶುರುವಾಗುವ ಮೊದಲು ಶಾಂತವ್ವ ಅಡುಗೆಮನೆಯಿಂದ ಕೂಗಿದರು, "ಕಾಯ್ದೆ ಮರತ್ರೇನ? ಕೊನೀ ಸಾಲು ಓದ್ರಿ."

ಅವರು ತಮಾಷೆಗೆ ಅಂದದ್ದು. ಬಸವಂತಪ್ಪ ಮಾತ್ರ ಎದ್ದು, ಬಾಗಿಲ ಹತ್ತಿರ ಹೋಗಿ ನಿಂತರು. ಒಂದು ಕಣ್ಣು ಕೈಯಿಂದ ಮುಚ್ಚಿಕೊಂಡರು.

"ನ, ಗ, ಲ, ಪ, ಟ, ರ."

ಅವರು ನಿಂತದ್ದು ಚಾರ್ಟಿನ ಕಡೆಗಲ್ಲ, ಪಕ್ಕದ ಬರಿ ಗೋಡೆಯ ಕಡೆಗೆ. ನೀಲಾ ಚಾರ್ಟು ನೋಡಿದಳು, ಅಪ್ಪನನ್ನು ನೋಡಿದಳು.

"ಬರೋಬರಿ ಐತಿ," ಎಂದಳು. "ಅರ್ಧಾ ತಾಸು."

ಆಮೇಲೆ ದಿನಾ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಆಡಿದರು. ದಿನಾ ನೀರಿಗೆ ಬಿದ್ದರು. ಹೋದ ವಾರ ಮೂರನೇ ಹಲಗೆಯ ಹತ್ತಿರ ನೀಲಾ "ತೆಗಿ" ಎನ್ನುವ ಮೊದಲೇ ಛತ್ರಿ ಬಿಚ್ಚಿಕೊಂಡಿತು. ಬಸವಂತಪ್ಪ ಈಗ ಪರದೆ ನೋಡಿ ಅಲ್ಲ, ರಾಗ ಕೇಳಿ ಆಡುತ್ತಿದ್ದರು. ಕೆಂಪು ಅಜ್ಜ ಕಾಲು ಹಿಡಿದ. ಇಬ್ಬರೂ ಹಾರಿದರು. ಸೇತುವೆ ಮುಗಿಯಿತು.

ಪರದೆಯ ಮೇಲೆ ಮೊದಲ ಚಿತ್ರ ಬಂತು. ನಾನು ಮೂವತ್ತು ವರ್ಷ ಅಂಜಿದ್ದು ಅದಕ್ಕೇ.

"ದಾಟಿದ್ವೇನವಾ? ಏನೈತಿ ಆಚೆ?"

ನೀಲಾ ರಿಮೋಟ್ ಕೆಳಗಿಟ್ಟು ಅಪ್ಪನ ಕಡೆ ತಿರುಗಿದಳು. "ದೊಡ್ಡ ಕೆರಿ ಐತಪ್ಪಾ," ಎಂದಳು. "ನೀರ ಮ್ಯಾಲೆ ದೀಪ ತೇಲಾಕತ್ತಾವು. ಎಲ್ಲಾ ಕೆಂಪು ದೀಪ. ಹಸಿರು ಅಜ್ಜ ದಂಡಿ ಮ್ಯಾಲೆ ಕುಂತಾನ."

"ಹೌದಾ?" ಎಂದರು ಬಸವಂತಪ್ಪ. ಅವರ ಮುಖ ಅರಳಿತು.

ಅವಳು ಹೇಳುತ್ತಿದ್ದದ್ದು ಹೊಸ ಆಟದ, ಆ ಸವತಿಯ ಕೆರೆ. ನನ್ನೊಳಗೆ ಅದು ಇರಲಿಲ್ಲ. ನನಗೆ ತಿಳಿದ ಐದು ಸ್ವರವನ್ನು ಮೊದಲಿನಿಂದ ನುಡಿಸುವುದು ಬಿಟ್ಟು ಬೇರೆ ದಾರಿಯೇ ಇರಲಿಲ್ಲ. ಅವಳ ಸುಳ್ಳನ್ನು ನಾನೇ ಬಯಲು ಮಾಡಿದೆ. ಬದುಕಿನಲ್ಲಿ ಎಂದೂ ಯಾರ ಮೇಲೂ ನನಗೆ ಅಷ್ಟು ಹೊಟ್ಟೆಕಿಚ್ಚು ಆಗಿರಲಿಲ್ಲ. ಆ ಸವತಿಗೆ ಸಿಗುವ ಮುದ್ದಿಗಾಗಿ ಅಲ್ಲ, ಅವಳ ಹತ್ತಿರ ಇರುವ ಕೆರೆಗಾಗಿ.

ಬಸವಂತಪ್ಪ ರಾಗ ಕೇಳಿದರು. ತಲೆ ಅಲ್ಲಾಡಿಸುತ್ತ ಪೂರ್ತಿ ಕೇಳಿದರು. ಎಷ್ಟೋ ಸಾವಿರ ಸಲ ಕೇಳಿದ ರಾಗ, ಅದು ಎಲ್ಲಿಯದು ಎಂದು ಅವರಿಗೆ ತಿಳಿಯದೇ ಇರುತ್ತದೆಯೇ?

"ಕೆರಿ ಭಾಳ ಚಲೋ ಐತವಾ," ಎಂದು ಮೀಸೆಯಲ್ಲೇ ನಕ್ಕರು. "ನಡಿ, ಮತ್ತೊಮ್ಮೆ ದಾಟೂಣು."

ಈಗ ನನ್ನ ಅಡಾಪ್ಟರ್ ಬೇಗ ಬಿಸಿಯಾಗುತ್ತದೆ, ಕೆಂಪು ಬಟನ್ ಎರಡು ಸಲ ಒತ್ತಿದರೆ ಕೇಳುತ್ತದೆ. ಹೊಸ ಆಟದ ತಾರೀಖು ಮುಂದಕ್ಕೆ ಹೋಗಬಹುದು ಎಂದು ನೀಲಾ ನಿನ್ನೆ ಯಾರೊಂದಿಗೋ ಫೋನಿನಲ್ಲಿ ಹೇಳುತ್ತಿದ್ದಳು. ಮೊದಲಾಗಿದ್ದರೆ ನಾನು ಹಬ್ಬ ಮಾಡುತ್ತಿದ್ದೆ. ನಿನ್ನೆ ನನಗೆ ಅಳುವೇ ಬಂದಿತು. ನನ್ನನ್ನು ಮತ್ತೆ ಚೀಲದಲ್ಲಿ ಸುತ್ತಿ ಕಪಾಟಿನ ಮೇಲೆ ಇಡಲಿ, ಅಲ್ಲಿ ನನಗೆ ರೂಢಿಯಿದೆ. ಬಸವಂತಪ್ಪನವರ ಕಣ್ಣಂಚಿನಲ್ಲಿ ಇನ್ನೂ ಆ ಕೆರೆಯ ದೀಪ ಕಾಣುವಷ್ಟು ಬೆಳಕಿದೆ. ಆ ಸವತಿ ಬೇಗ ಬರಲಿ.