ಗುಡುಗು ಸ್ಟುಡಿಯೋದ ಫ್ಯಾನು

ನಾನು ಒಂದು ಸೀಲಿಂಗ್ ಫ್ಯಾನು. ಕಾರ್ಖಾನೆಯಿಂದ ಹೊರಬಿದ್ದಾಗ ನನ್ನಲ್ಲಿ ಸದ್ದೇ ಇರಲಿಲ್ಲ. ಬೆಂಗಳೂರಿನ ವಿಕ್ಟರ್ ಲಸ್ರಾದೋ ಅವರ ಗುಡುಗು ಸ್ಟುಡಿಯೋದಲ್ಲಿ ನನ್ನನ್ನು ತೂಗುಹಾಕಿದ ಎಲೆಕ್ಟ್ರಿಷಿಯನ್‌ಗೆ ಊಟದ ಅವಸರ. ಸೊಟ್ಟಗೆ ಹಾಕಿ ಹೋದ. ಅಂದಿನಿಂದ ಸುತ್ತಿಗೊಂದು ‘ಕಿರ್ರ್’.

ಹಾಗಾಗಿ ಪ್ರತಿ ರೆಕಾರ್ಡಿಂಗಿಗೂ ಮೊದಲು ವಿಕ್ಟರ್ “ಫ್ಯಾನ್ ಆಫ್!” ಎಂದು ಕೂಗುತ್ತಿದ್ದರು. ಸ್ವಿಚ್ಚಿನ ಪಕ್ಕ ಕೂರುವ ಡ್ರಮ್ಮರ್ ಆರಿಸಬೇಕು. ಹೊರಗಿನ ಸದ್ದು ಬಾರದಂತೆ ಕಿಟಕಿಗಳಿಗೆ ಹಾಸಿಗೆ ಬಡಿದಿದ್ದ ಆ ಕೋಣೆಯಲ್ಲಿ ರಾಕ್ ಗಾಯಕರು ಬೆವರಿ ತೊಪ್ಪೆಯಾಗಿ ಅರಚುತ್ತಿದ್ದರು. ನಾನು ಮೇಲಿಂದ ನೋಡುತ್ತಿದ್ದೆ, ಅಷ್ಟೆ.

“ಈ ದರಿದ್ರದ್ದನ್ನ ನಾಳೆ ಇಳಿಸಿಬಿಡ್ತೀನಿ” ಎಂದು ವಿಕ್ಟರ್ ಒಂದು ದಿನ ಹೇಳಿಯೇಬಿಟ್ಟರು. ಹೊಸ ಫ್ಯಾನು ಡಬ್ಬದೊಳಗೆ ಮೂಲೆಯಲ್ಲಿ ಕಾಯುತ್ತಿತ್ತು.

ಅಂದು ‘ಕಾಡ್ಗಿಚ್ಚು’ ಬ್ಯಾಂಡಿನ ಸರದಿ. ಬೆಳಗಿನಿಂದ ಅರಚಿ ಗಾಯಕ ಇಂದುಧರನ ಗಂಟಲು ಹರಿಯುವುದರಲ್ಲಿತ್ತು. ಬಿಡುವಿನಲ್ಲಿ ನನ್ನನ್ನು ಹಾಕಿಕೊಂಡು ಎಲ್ಲರೂ ಕೂತಿದ್ದಾಗ ಕರೆಂಟ್ ಹೋಯಿತು. ಬಂದದ್ದೇ ತಡ, ಮತ್ತೆ ಹೋಗುವುದರೊಳಗೆ ಮುಗಿಸೋಣವೆಂದು ಎಲ್ಲರೂ ಹೆಡ್‌ಫೋನ್ ಹಾಕಿಕೊಂಡು ಶುರುಮಾಡಿದರು. ನಾನೂ ಶುರುಮಾಡಿದೆ.

ಟೇಪ್ ತಿರುಗಿಸಿ ಕೇಳಿದರೆ, ಇಂದುಧರ ಜನ್ಮದಲ್ಲೇ ಅಷ್ಟು ಚೆನ್ನಾಗಿ ಹಾಡಿರಲಿಲ್ಲ. ಜೊತೆಗೆ ನಾನಿದ್ದೆ.

“ಲೋ ಪಳನಿ, ಸ್ವಿಚ್ ನಿಮ್ಮಪ್ಪ ಆರಿಸ್ತಾನಾ?” ಎಂದು ವಿಕ್ಟರ್ ಡ್ರಮ್ಮರ್ ಮೇಲೆ ಹರಿಹಾಯ್ದರು.

“ಕರೆಂಟ್ ಹೋದಾಗ ಅದೇ ನಿಂತಿತ್ತಲ್ಲ ಸಾರ್!”

“ಇಂದುಧರ, ಇನ್ನೊಂದು ಸಲ ಹಾಡಪ್ಪ” ಎಂದರು ವಿಕ್ಟರ್.

ಇಂದುಧರ ಬಾಯಿ ತೆರೆದ. ಬರೀ ಗಾಳಿ ಬಂತು. ಅದೂ ನನ್ನದಕ್ಕಿಂತ ಕಡಿಮೆ.

ವಿಧಿಯಿಲ್ಲದೆ ಕ್ಯಾಸೆಟ್ ಹಾಗೆಯೇ ಹೋಯಿತು. ಜನಕ್ಕೆ ಹಾಡಿಗಿಂತ ‘ಕಿರ್ರ್’ ಹಿಡಿಸಿತು. ಯಾವುದೋ ವಿದೇಶಿ ವಾದ್ಯವೆಂದು ಪತ್ರಿಕೆಯೊಂದು ಬರೆಯಿತು. “ನಮಗೂ ಆ ಸೌಂಡ್ ಬೇಕು ಸಾರ್” ಎನ್ನುತ್ತ ಬ್ಯಾಂಡುಗಳು ಮುಗಿಬಿದ್ದವು. ಹೊಸ ಫ್ಯಾನು ವಿಕ್ಟರ್ ಮಲಗುವ ಕೋಣೆಗೆ ಹೋಯಿತು. ಸ್ಟುಡಿಯೋದಲ್ಲಿ ಈಗ ಕೂಗು “ಫ್ಯಾನ್ ಆನ್!”

ಕ್ರಿಸ್‌ಮಸ್‌ಗೆ ಮಂಗಳೂರಿನಿಂದ ವಿಕ್ಟರ್ ಅವರ ಮಾವ ಬಂದರು. ಅಳಿಯ ಕೇಕ್ ತರಲು ಹೋದಾಗ ಸ್ಟೂಲ್ ಹತ್ತಿ, ನನ್ನನ್ನು ನೆಟ್ಟಗೆ ಮಾಡಿ, ಹೊಲಿಗೆ ಯಂತ್ರದ ಎಣ್ಣೆ ಬಿಟ್ಟರು.

“ಎಂಥ ಮಾರಾಯ, ಫ್ಯಾನು ಹಾಗೆ ಕಿರುಚುವುದಾ? ಈಗ ನೋಡು, ಸದ್ದುಂಟಾ?” ಎಂದರು ಅಳಿಯ ಮರಳಿದೊಡನೆ.

ಮಾವನೆದುರು ಅಳಲಾಗದೆ ವಿಕ್ಟರ್ ಥ್ಯಾಂಕ್ಸ್ ಹೇಳಿದರು.

ಆಮೇಲೆ ಎಷ್ಟು ಸೊಟ್ಟ ಮಾಡಿದರೂ ಆ ಸದ್ದು ಮರಳಲಿಲ್ಲ. ಬ್ಯಾಂಡುಗಳು ಬರುವುದು ನಿಂತಿತು, ಸ್ಟುಡಿಯೋ ಮುಚ್ಚಿತು. ಗುಜರಿ ಅಂಗಡಿಯಲ್ಲಿ ಧೂಳು ತಿಂದು ನಾನು ಈ ಕಲ್ಯಾಣ ಮಂಟಪದ ಅಡುಗೆಮನೆ ಸೇರಿದೆ. ಇಲ್ಲಿ ಮೂಕನಂತೆ ತಿರುಗುತ್ತೇನೆ. ಯಾರೂ ಆರಿಸುವುದಿಲ್ಲ.

ಮೊನ್ನೆ ಈರುಳ್ಳಿ ಹೆಚ್ಚುವವನ ಮೊಬೈಲಿನಲ್ಲಿ ಇಂದುಧರನ ಹಾಡು ಬಂತು. ಹಿಂದೆಯೇ ‘ಕಿರ್ರ್’. ಅಡುಗೆ ಭಟ್ಟರು ತಲೆಯೆತ್ತಿ ನನ್ನನ್ನು ದುರುಗುಟ್ಟಿ ನೋಡಿದರು.

“ಥೂ, ಈ ಫ್ಯಾನು ಪ್ರಾಣ ತಿನ್ನುತ್ತೆ. ಎಣ್ಣೆ ಬಿಡ್ರೋ ಅದಕ್ಕೆ!”

ಬಿಟ್ಟರು. ಹಾಡು ಇನ್ನೂ ಮುಗಿದಿರಲಿಲ್ಲ.

“ಇನ್ನೂ ಸ್ವಲ್ಪ ಬಿಡು” ಎಂದರು ಭಟ್ಟರು.